ಚಿಗವ್ವನ ಎರಡನೆಯ ಮದುವೆ

ಸಿಂಧನೂರು ತಾಲ್ಲೂಕಿನ ನಮ್ಮೂರಿನ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲನೆಯ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ, ನಡೆಯುತ್ತದೆ. ಆರಾಧನೆಯ ಕೊನೆಗೆ ಮೊದಲು ಗಂಡಸರು, ಆಮೇಲೆ ಹೆಂಗಸರು ಸಾಲಾಗಿ ಎದ್ದು ಮುಂದೆ ಹೋಗಿ ಮೊಣಕಾಲೂರುತ್ತಾರೆ. ಜಮಖಾನದ ಮೇಲೆ ಒತ್ತಾಗಿ ಕುಳಿತ ಹೆಂಗಸರ ನಡುವೆ ನನ್ನ ಚಿಗವ್ವ ಒಬ್ಬಳೇ ಏಳುತ್ತಿರಲಿಲ್ಲ. ಹೋಗುವವರಿಗೆ ದಾರಿಯಾಗಲೆಂದು ಕಾಲು ಮಡಚಿಕೊಂಡು, ಸೆರಗನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡು ಗೋಡೆಯ ಕಡೆಗೆ ಸರಿಯುತ್ತಿದ್ದಳು. ಅವರು ಮರಳಿ ಬರುವಾಗ ಮತ್ತೆ ಹಾಗೆಯೇ ಸರಿಯುತ್ತಿದ್ದಳು. 2006ರಿಂದ ಹನ್ನೊಂದು ವರ್ಷ ಆಕೆ ಒಂದು ಭಾನುವಾರವನ್ನೂ ತಪ್ಪಿಸದೆ ಬಂದಳು, ಒಂದು ಸಲವೂ ಆ ರೊಟ್ಟಿಯನ್ನು ಮುಟ್ಟಲಿಲ್ಲ. ಗಂಡ ಬದುಕಿರುವಾಗಲೇ ಇನ್ನೊಂದು ಮದುವೆಯಾದವಳು ಎಂಬುದು ಆಕೆಯ ಮೇಲಿದ್ದ ಮಾತು.

ಆಕೆಯ ಮೊದಲ ಮದುವೆ 1990ರಲ್ಲಿ ಅದೇ ಸಭೆಯಲ್ಲಿ ನಡೆದಿತ್ತು. ಮೂರು ವರ್ಷ ಇಬ್ಬರೂ ಚೆನ್ನಾಗಿ ಬಾಳಿದೆವು ಎಂದು ಆಕೆ ಈಗಲೂ ಹೇಳುತ್ತಾಳೆ. 1993ರ ಬೇಸಿಗೆಯಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ಆತ ತಿರುಗಿ ಬರಲಿಲ್ಲ. ಅಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದಾನೆಂಬ ಸುದ್ದಿ ಎರಡು ವರ್ಷದ ಮೇಲೆ ಊರಿಗೆ ಬಂತು. ಆಗ ಕ್ರೈಸ್ತರಿಗೆ ಅನ್ವಯಿಸುತ್ತಿದ್ದುದು ಬ್ರಿಟಿಷರ ಕಾಲದ 1869ರ ವಿಚ್ಛೇದನ ಕಾಯ್ದೆ. ಅದರ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಯಾದವಳು ಗಂಡನ ವ್ಯಭಿಚಾರದ ಜೊತೆಗೆ ಆತನ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದುದನ್ನೋ ಸೇರಿಸಿ ಸಾಬೀತು ಮಾಡಬೇಕಿತ್ತು. ಅಷ್ಟಾದ ಮೇಲೂ ಜಿಲ್ಲಾ ನ್ಯಾಯಾಲಯದ ಡಿಕ್ರಿಯನ್ನು ಹೈಕೋರ್ಟ್ ಸ್ಥಿರೀಕರಿಸಬೇಕಿತ್ತು. ಅಂಗನವಾಡಿಯ ಗೌರವಧನದಲ್ಲಿ ಬದುಕುತ್ತಿದ್ದ ಹೆಂಗಸೊಬ್ಬಳು ಬೆಂಗಳೂರಿನ ಯಾವುದೋ ಓಣಿಯಲ್ಲಿ ನಡೆಯುತ್ತಿದ್ದ ವ್ಯಭಿಚಾರಕ್ಕೆ ಸಾಕ್ಷಿಯನ್ನು ಎಲ್ಲಿಂದ ತರಬೇಕಿತ್ತು? 2001ರ ತಿದ್ದುಪಡಿ ಗಂಡುಹೆಣ್ಣುಗಳಿಗೆ ಒಂದೇ ಬಗೆಯ ಆಧಾರಗಳನ್ನು ಕೊಟ್ಟು, ಎರಡು ವರ್ಷ ತೊರೆದುಹೋದುದಷ್ಟನ್ನೇ ಸಾಕಾದ ಕಾರಣವೆಂದು ಒಪ್ಪಿ, ಹೈಕೋರ್ಟಿನ ಸ್ಥಿರೀಕರಣವನ್ನು ತೆಗೆದುಹಾಕಿದ ಮೇಲೆಯೇ ಚಿಗವ್ವ ರಾಯಚೂರಿನಲ್ಲಿ ಅರ್ಜಿ ಹಾಕಿದ್ದು. 2004ರಲ್ಲಿ ಡಿಕ್ರಿ ಬಂತು. ಎದುರುದಾರ ಒಂದು ವಾಯಿದೆಗೂ ಬಂದಿರಲಿಲ್ಲ.

ಎರಡು ವರ್ಷದ ನಂತರ ಹೆಂಡತಿ ತೀರಿಹೋಗಿದ್ದ ಒಬ್ಬ ಲೈನ್‌ಮನ್ ಕಡೆಯಿಂದ ಸಂಬಂಧ ಬಂದಾಗ, ಅಜ್ಜ, ನನ್ನ ಅವ್ವ ಮತ್ತು ನಾನು ಚಿಗವ್ವನನ್ನು ಕರೆದುಕೊಂಡು ಆಗಿನ ಸಭಾಪಾಲಕರ ಮನೆಗೆ ಹೋದೆವು. ಅವರು ಕೆಟ್ಟ ಮನುಷ್ಯರಲ್ಲ. ಡಿಕ್ರಿಯ ಪ್ರತಿಯನ್ನು ಪೂರ್ತಿ ಓದಿ, ಮಡಚಿ, ಆಕೆಯ ಕೈಗೆ ಮೆತ್ತಗೆ ಕೊಟ್ಟರು. "ಕೋರ್ಟು ಕೊಟ್ಟ ಕಾಗದ ಕೋರ್ಟಿಗೆ, ನೋಡವ್ವಾ. ದೇವರ ಪುಸ್ತಕದಾಗ ನೀ ಇನ್ನಾ ಆತನ ಹೆಂಡತಿನಾ" ಎಂದರು. ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತ ಬಿಟ್ಟು ಹೋಗುವಾಗ ಆ ಪುಸ್ತಕಾ ಆತಗ ಯಾರೂ ತೋರಿಸ್ಲಿಲ್ಲಲ್ರೀ ಅಯ್ಯನವರೇ" ಎಂದಳು. ಮದುವೆ ಕೊನೆಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ವಿಶೇಷ ವಿವಾಹ ಕಾಯ್ದೆಯ ಮೂವತ್ತು ದಿನಗಳ ನೋಟಿಸು ಮುಗಿದ ಮೇಲೆ, ಒಂದು ಬುಧವಾರ ನಡೆಯಿತು.

ಆಕೆಯ ಆ ಒಂದು ಮಾತು ನನ್ನನ್ನು ಬಿಡಲಿಲ್ಲ. ನಾನು ದೇವಜ್ಞಾನ ಓದಿದವನಲ್ಲ, ಶಾಲಾ ಮೇಷ್ಟ್ರು. ಆದರೂ ಈ ವಿಷಯದಲ್ಲಿ ಕ್ರೈಸ್ತ ಸಭೆಗಳು ಏನೇನು ಹೇಳಿವೆ ಎಂಬುದನ್ನು ಅಂದಿನಿಂದ ಸಿಕ್ಕಸಿಕ್ಕಲ್ಲಿ ಓದುತ್ತ, ತಿಳಿದವರನ್ನು ಕೇಳುತ್ತ ಬಂದಿದ್ದೇನೆ. ಓದಿದಷ್ಟೂ ಒಂದು ನಂಬಿಕೆ ಗಟ್ಟಿಯಾಗಿದೆ: ಬಿಟ್ಟವರನ್ನೂ ಬಿಡಲ್ಪಟ್ಟವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಈ ವ್ಯತ್ಯಾಸ ಎಲ್ಲ ಸಂಪ್ರದಾಯಗಳಿಗೂ ಒಳಗೊಳಗೆ ಗೊತ್ತಿದೆ, ಆದರೆ ಅದನ್ನು ಕೊನೆಯವರೆಗೆ ಒಯ್ಯಲು ಹೆಚ್ಚಿನವು ಹಿಂಜರಿಯುತ್ತವೆ.

ನಮ್ಮ ಕಡೆ ಹಳ್ಳಿಗಳಲ್ಲಿ ಹಿರಿಯರು ಕೂತು ಮಾಡಿಸುತ್ತಿದ್ದ ಬಿಡುಗಡೆಯ ಕಾಗದಕ್ಕೆ ಸೋಡಚೀಟಿ ಎನ್ನುತ್ತಿದ್ದರು. ಬೈಬಲಿನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಬರುವ ತ್ಯಾಗಪತ್ರವೂ ಅಂಥದ್ದೇ ಎಂದು ನಾನು ಬಹಳ ದಿನ ಅದನ್ನು ಗಂಡಸಿನ ದರ್ಪದ ಗುರುತಾಗಿ ಮಾತ್ರ ನೋಡಿದ್ದೆ. ಆಮೇಲೆ ತಿಳಿದುಬಂದದ್ದೇನೆಂದರೆ, ಯೆಹೂದ್ಯರ ಮಿಷ್ನಾ ಗ್ರಂಥದಲ್ಲಿ ಆ ಪತ್ರದ ತಿರುಳು ಯಾವುದೆಂದು ಕೇಳಿಕೊಂಡು, ಇಗೋ ನೀನು ಯಾವ ಪುರುಷನನ್ನಾದರೂ ಮದುವೆಯಾಗಲು ಸ್ವತಂತ್ರಳು ಎಂಬ ಒಕ್ಕಣೆಯೇ ಅದರ ತಿರುಳು ಎಂದು ಹೇಳಲಾಗಿದೆ. ಹೊರಗೆ ಹಾಕಿಸಿಕೊಂಡ ಹೆಣ್ಣು ನಡುಬೀದಿಯಲ್ಲಿ ನಿಲ್ಲದೆ ಇನ್ನೊಂದು ಮನೆ ಸೇರಲಿ ಎಂಬುದಕ್ಕೆ ಆ ಕಾಗದ. ಯೇಸುವಿನ ಕಾಲಕ್ಕೆ ಜಗಳವಿದ್ದದ್ದು ಗಂಡ ಯಾವ ಕಾರಣಕ್ಕೆ ಅದನ್ನು ಬರೆಯಬಹುದೆಂಬುದರ ಮೇಲೆ. ಯೆಹೂದ್ಯ ಗುರುಗಳಲ್ಲಿ ಶಮ್ಮೈ ಪಂಥದವರು ಹೆಂಡತಿಯ ನಡತೆಗೇಡಿಗೆ ಮಾತ್ರ ಎಂದರು. ಹಿಲ್ಲೇಲ್ ಪಂಥದವರು ಅಡುಗೆ ಕೆಡಿಸಿದರೂ ಸಾಕು ಎಂದರು. ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಫರಿಸಾಯರೆಂಬ ಯೆಹೂದ್ಯ ಪಂಥದವರು ಬಂದು, ಯಾವ ಕಾರಣಕ್ಕಾದರೂ ಹೆಂಡತಿಯನ್ನು ಬಿಡಬಹುದೋ ಎಂದು ಕೇಳಿದ್ದು ಈ ಜಗಳದ ನಡುವಿನಿಂದ. ಕೇಳಿದವರು ಬಿಡುವ ಅಧಿಕಾರವುಳ್ಳ ಗಂಡಸರು. ಯೇಸು ಅವರಿಗೆ, ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದೆಂದೂ, ಧರ್ಮಶಾಸ್ತ್ರ ಕೊಟ್ಟ ಮೋಶೆ ಹೆಂಡತಿಯನ್ನು ಬಿಡಲು ಅನುಮತಿಸಿದ್ದು ಅವರ ಹೃದಯ ಕಲ್ಲಾದುದರಿಂದ ಎಂದೂ ಹೇಳಿದನು. ಮಾರ್ಕನ 10ನೆಯ ಅಧ್ಯಾಯದಲ್ಲಿ ಇದೇ ಪ್ರಶ್ನೆ ಯೊರ್ದನಿನ ಆಚೆಯ ಸೀಮೆಯಲ್ಲಿ ಬರುತ್ತದೆ. ಅದು ಹೆರೋದ್ ಅಂತಿಪನ ಆಳ್ವಿಕೆಗೆ ಸೇರಿದ ನಾಡು. ಗಂಡನನ್ನು ಬಿಟ್ಟುಬಂದ ಹೆರೋದ್ಯಳನ್ನು ಆತ ಇಟ್ಟುಕೊಂಡದ್ದನ್ನು ಖಂಡಿಸಿದ್ದಕ್ಕೇ ಸ್ನಾನಿಕ ಯೋಹಾನನ ತಲೆ ಹೋಗಿತ್ತು.

ಮಾರ್ಕನಲ್ಲೂ ಲೂಕನಲ್ಲೂ ಯಾವ ವಿನಾಯಿತಿಯೂ ಇಲ್ಲ. ಮತ್ತಾಯನಲ್ಲಿ ಮಾತ್ರ ಎರಡು ಕಡೆ, ನಾವು ಹಾದರವೆಂದು ಓದಿಕೊಂಡು ಬಂದಿರುವ ಕಾರಣವೊಂದನ್ನು ಹೊರತುಪಡಿಸಲಾಗಿದೆ. ಮೂಲ ಗ್ರೀಕಿನಲ್ಲಿರುವ ಪದ ಪೋರ್ನೇಯ. ವ್ಯಭಿಚಾರಕ್ಕೆ ಗ್ರೀಕಿನಲ್ಲಿ ಮೋಯ್ಖೇಯ ಎಂಬ ಬೇರೆಯೇ ಪದವಿದ್ದು, ಪೋರ್ನೇಯ ಅದಕ್ಕಿಂತ ವಿಶಾಲವಾದದ್ದು. ಈ ಒಂದು ಪದದ ಮೇಲೆ ಸಭೆಗಳು ಕವಲೊಡೆದಿವೆ. ಅದು ನಿಷಿದ್ಧ ರಕ್ತಸಂಬಂಧದ ಕೂಡಿಕೆಯನ್ನು ಸೂಚಿಸುತ್ತದೆ, ಅಂಥದ್ದು ಮೊದಲಿಗೇ ಮದುವೆಯಲ್ಲ ಎಂದು ಕೆಲವರು. ಮರಿಯಳ ವಿಷಯದಲ್ಲಿ ಯೋಸೇಫನು ಯೋಚಿಸಿದಂತೆ ನಿಶ್ಚಿತಾರ್ಥವಾದ ಮೇಲಿನ ನಡತೆಗೇಡಿಗೆ ಮಾತ್ರ ಸಂಬಂಧಿಸಿದ್ದು ಎಂದು ಇನ್ನು ಕೆಲವರು. ಬೇರೆಯಾಗಬಹುದು ಆದರೆ ಮರುಮದುವೆಯಾಗಬಾರದು ಎಂದು ಹಳೆಯ ಸಭಾಪಿತೃಗಳಲ್ಲೊಬ್ಬರಾದ ಅಗಸ್ಟೀನರ ದಾರಿಯವರು. ಬೇರೆಯಾಗುವುದಕ್ಕೆ ಅನುಮತಿಯಿದ್ದರೆ ಮರುಮದುವೆಗೂ ಇದೆ ಎಂದು 16ನೆಯ ಶತಮಾನದ ಎರಾಸ್ಮಸ್, ಲೂಥರ್, ಕ್ಯಾಲ್ವಿನ್ ಮುಂತಾದವರು. 1810ರಲ್ಲಿ ಬಳ್ಳಾರಿಗೆ ಬಂದಿಳಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಇದೇ ನಮ್ಮ ಬಿಸಿಲಿನಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತರುವಾಗ ಈ ಪದದ ಮುಂದೆ ಎಷ್ಟು ಹೊತ್ತು ಲೇಖನಿ ತಡೆದಿರಬಹುದೆಂದು ನನಗೆ ಆಗಾಗ ಅನ್ನಿಸುತ್ತದೆ. ಒಂದು ಪದವನ್ನು ಆರಿಸಿದರೆ ಒಂದು ಬದುಕು ತೆರೆಯುತ್ತದೆ, ಇನ್ನೊಂದನ್ನು ಆರಿಸಿದರೆ ಮುಚ್ಚುತ್ತದೆ.

ಆದರೆ ಚಿಗವ್ವನಂಥವರಿಗೆ ಮತ್ತಾಯನಿಗಿಂತ ಹತ್ತಿರವಾದದ್ದು ಅಪೊಸ್ತಲನಾದ ಪೌಲನ ಮಾತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯದಲ್ಲಿ ಪೌಲನು, ಗಂಡಹೆಂಡತಿ ಅಗಲಬಾರದು, ಅಗಲಿದರೆ ಒಂಟಿಯಾಗಿರಲಿ ಇಲ್ಲವೇ ರಾಜಿಯಾಗಲಿ ಎಂಬುದನ್ನು ಕರ್ತನ ಆಜ್ಞೆಯೆಂದು ಹೇಳುತ್ತಾನೆ. ಅದರ ಹಿಂದೆಯೇ, ಇದನ್ನು ಕರ್ತನಲ್ಲ ನಾನು ಹೇಳುತ್ತೇನೆ ಎಂದು ಎಚ್ಚರದಿಂದ ಬೇರ್ಪಡಿಸಿ, ನಂಬದವರು ಬಿಟ್ಟುಹೋದರೆ ಹೋಗಲಿ, ಅಂಥ ಸಂದರ್ಭದಲ್ಲಿ ಸಹೋದರನಾಗಲಿ ಸಹೋದರಿಯಾಗಲಿ ಬದ್ಧರಲ್ಲ ಎನ್ನುತ್ತಾನೆ. ಹೊಸದಾಗಿ ನಂಬಿಕೆಗೆ ಬಂದವರಿದ್ದ ನಮ್ಮ ನಾಡಿನಲ್ಲಿ ಇದು ಬರೀ ಪುಸ್ತಕದ ಮಾತಾಗಿರಲಿಲ್ಲ. ಮತಾಂತರವಾದ ಕಾರಣಕ್ಕೆ ಸಂಗಾತಿ ತೊರೆದುಹೋದರೆ ದಾವೆ ಹಾಕಿ ಬಿಡುಗಡೆ ಪಡೆದು ಮತ್ತೆ ಮದುವೆಯಾಗಬಹುದೆಂದು 1866ರಲ್ಲಿ ಒಂದು ಕಾಯ್ದೆಯೇ ಬಂತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಅದು ಅನ್ವಯಿಸುತ್ತಿತ್ತು, ನಿಜಾಮರ ಕೈಕೆಳಗಿದ್ದ ನಮ್ಮ ರಾಯಚೂರು, ಕೊಪ್ಪಳಕ್ಕೆ ಅಲ್ಲ. ಕಥೋಲಿಕ ಸಭೆಯೂ ಈ ವಾಕ್ಯವನ್ನು ಪೌಲನ ಹೆಸರಿನಲ್ಲೇ ಒಂದು ವಿಶೇಷ ಅವಕಾಶವಾಗಿ ಉಳಿಸಿಕೊಂಡಿದೆ. ಆದರೆ ಮದುವೆಯ ವೇಳೆಗೆ ಇಬ್ಬರೂ ದೀಕ್ಷಾಸ್ನಾನ ಪಡೆಯದವರಾಗಿದ್ದು, ಆಮೇಲೆ ಒಬ್ಬರು ಪಡೆದು ಇನ್ನೊಬ್ಬರು ಬಿಟ್ಟುಹೋದಾಗ ಮಾತ್ರ. ಲೂಥರ್, ಕ್ಯಾಲ್ವಿನ್‌ರ ಹಾದಿ ಹಿಡಿದ ಸುಧಾರಣೆಯ (ಪ್ರೊಟೆಸ್ಟಂಟ್) ಸಭೆಗಳು ಅದನ್ನು ವಿಸ್ತರಿಸಿದವು. 17ನೆಯ ಶತಮಾನದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ 24ನೆಯ ಅಧ್ಯಾಯ ವ್ಯಭಿಚಾರದ ಜೊತೆಗೆ, ಸಭೆಯಾಗಲಿ ಸರಕಾರವಾಗಲಿ ಸರಿಪಡಿಸಲಾಗದಂಥ ಉದ್ದೇಶಪೂರ್ವಕ ತೊರೆಯುವಿಕೆಯನ್ನೂ ಮದುವೆಯ ಕಟ್ಟು ಬಿಚ್ಚಲು ಕಾರಣವೆಂದು ಒಪ್ಪುತ್ತದೆ. ಹೆಂಡತಿಯನ್ನು ಬಿಟ್ಟು ಹೋದ ಕ್ರೈಸ್ತನನ್ನು ನಂಬಿಕೆಯುಳ್ಳವನೆಂದು ಎಣಿಸಬೇಕೋ ಬೇಡವೋ? ಸ್ವಂತ ಮನೆಯವರನ್ನು ಸಾಕದವನು ನಂಬದವನಿಗಿಂತ ಕಡೆ ಎಂದು ತಿಮೊಥೆಯನಿಗೆ ಬರೆದ ಪತ್ರದಲ್ಲೇ ಇದೆಯಲ್ಲ. ನಾನು ಈ ವಿಸ್ತರಣೆಯ ಪರ.

ನನ್ನ ಹೆಂಡತಿಯ ತವರು ಬಳ್ಳಾರಿ, ಅವರು ಕಥೋಲಿಕರು. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಕಥೋಲಿಕರೆಲ್ಲ 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತಕ್ಕೆ ಸೇರಿದವರು. ಅವರ ಬಳಗದ ಒಬ್ಬ ಹುಡುಗಿಯ ಮದುವೆ, ವರನ ಕಡೆಯವರು ದೊಡ್ಡ ಸಂಗತಿಯೊಂದನ್ನು ಮುಚ್ಚಿಟ್ಟಿದ್ದರಿಂದ ಮುರಿದುಬಿತ್ತು. ಸಭೆಯ ನ್ಯಾಯಮಂಡಳಿಯ ಮುಂದೆ ಆ ಹುಡುಗಿ ಹೋದಾಗ ಆ ದಾರಿಯನ್ನು ಹತ್ತಿರದಿಂದ ನೋಡಿದೆ. ಸಭೆ ದುಡ್ಡು ತೆಗೆದುಕೊಂಡು ವಿಚ್ಛೇದನ ಕೊಡುತ್ತದೆಂದು ಹೊರಗಿನವರು ಆಡಿಕೊಳ್ಳುವುದುಂಟು, ಅದು ಸುಳ್ಳು. ವಿಧಿವತ್ತಾಗಿ ನಡೆದು ಪೂರ್ಣಗೊಂಡ, ದೀಕ್ಷಾಸ್ನಾನ ಪಡೆದವರ ಮದುವೆಯನ್ನು ಸಾವಿನ ಹೊರತು ಯಾವ ಮಾನವ ಶಕ್ತಿಯೂ ಬಿಚ್ಚಲಾರದು ಎಂಬುದು 1983ರ ಧರ್ಮಸಂಹಿತೆಯ 1141ನೆಯ ವಿಧಿ. ಮಂಡಳಿ ನೋಡುವುದು, ಮದುವೆಯ ದಿನ ಆ ಒಪ್ಪಿಗೆ ನಿಜವಾಗಿ ಒಪ್ಪಿಗೆಯಾಗಿತ್ತೇ ಎಂಬುದನ್ನು: ಮೋಸ, ಬಲವಂತ, ಬುದ್ಧಿಯ ಅಸ್ವಸ್ಥತೆ ಇದ್ದವೇ ಎಂದು. ಅದು ನಿಜವಾದ ಒಪ್ಪಿಗೆಯಾಗಿರಲಿಲ್ಲವೆಂದಾದರೆ ಆ ಮದುವೆ ಮೊದಲಿನಿಂದಲೂ ಅಸಿಂಧು ಎಂದು ಘೋಷಿಸುತ್ತದೆ. ಮಕ್ಕಳ ನ್ಯಾಯಸಮ್ಮತತೆಗೆ ಅದರಿಂದ ಧಕ್ಕೆಯಿಲ್ಲ. ಮೊದಲು ಎರಡು ಮಂಡಳಿಗಳು ಒಂದೇ ತೀರ್ಪು ಕೊಡಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಒಂದೇ ಸಾಕೆಂದು ಸಡಿಲಿಸಿ, ಆದಷ್ಟು ಮಟ್ಟಿಗೆ ಖರ್ಚಿಲ್ಲದೆ ನಡೆಸಲು ಹೇಳಿದರು. ಆದರೆ ಈ ಘೋಷಣೆ ಒಂದನ್ನೇ ನಂಬಿ ನೋಂದಣಿ ಕಚೇರಿಗೆ ಹೋಗುವಂತಿಲ್ಲ. ಸಿವಿಲ್ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು; ಮಂಗಳೂರಿನ ವಕೀಲರಾದ ಕ್ಲಾರೆನ್ಸ್ ಪಾಯ್ಸ್ ಅವರು ಅದಕ್ಕೆ ಮನ್ನಣೆ ಕೋರಿ ಸಲ್ಲಿಸಿದ ಅರ್ಜಿಯೂ 2017ರಲ್ಲಿ ವಜಾ ಆಯಿತು.

ಈ ದಾರಿಯಲ್ಲಿ ಒಂದು ಪ್ರಾಮಾಣಿಕತೆಯಿದೆ. ಕೊಟ್ಟ ವಚನ ಮುರಿಯಲಾಗದ್ದು ಎಂಬುದನ್ನು ಬಿಟ್ಟುಕೊಡದೆ, ವಚನವೇ ಆಗಿರದಿದ್ದ ಕಡೆ ಮಾತ್ರ ಬಾಗಿಲು ತೆರೆಯುತ್ತಾರೆ. ಆ ಹುಡುಗಿಗೆ ಅದು ನಿಜವಾದ ನ್ಯಾಯವನ್ನೇ ಕೊಟ್ಟಿತು. ಆದರೆ ನನ್ನ ಹೆಂಡತಿ ಇದನ್ನೆಲ್ಲ ಒಮ್ಮೆ ಚಿಗವ್ವನಿಗೆ ವಿವರಿಸಿದಾಗ, ಆಕೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ಕೈ ತೆಗೆದು, "ಮೂರು ವರ್ಷ ಚಂದ ಬಾಳೇವಿ. ಅದು ಮದಿವಿನಾ ಅಲ್ಲ ಅಂತ ನಾ ಹೆಂಗ ಹೇಳ್ಲಿ, ಸುಳ್ಳಾಗ್ತೈತಿ" ಎಂದಳು. ನಿಜವಾದ ಮದುವೆಯಾಗಿ, ನಿಜವಾಗಿ ಕೈಬಿಡಲ್ಪಟ್ಟವರಿಗೆ ಈ ಬಾಗಿಲು ತೆರೆಯುವುದಿಲ್ಲ. ಅನ್ಯಾಯವಾಗಿ ತೊರೆಯಲ್ಪಟ್ಟವರೂ, ತಮ್ಮ ದೊಡ್ಡ ತಪ್ಪಿನಿಂದ ಮದುವೆಯನ್ನು ಹಾಳುಮಾಡಿದವರೂ ಒಂದೇ ಅಲ್ಲ ಎಂದು ಪೋಪ್ ಎರಡನೆಯ ಜಾನ್ ಪಾಲ್ ಅವರು 1981ರ ಪತ್ರದಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ಹೇಳಿದ ಮೇಲೂ, ಮರುಮದುವೆಯಾದ ಇಬ್ಬರೂ ಅಣ್ಣತಂಗಿಯರಂತೆ ಬಾಳಿದರೆ ಮಾತ್ರ ಪರಮಪ್ರಸಾದ (ಕರ್ತನ ಭೋಜನಕ್ಕೆ ಕಥೋಲಿಕರ ಹೆಸರು) ಎಂಬಲ್ಲಿಗೇ ನಿಲ್ಲುತ್ತಾರೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಒಬ್ಬೊಬ್ಬರ ಸ್ಥಿತಿಯನ್ನು ಬೇರೆಬೇರೆಯಾಗಿ ವಿವೇಚಿಸಬೇಕೆಂದಾಗ ನಾಲ್ವರು ಕಾರ್ಡಿನಲರು ಲಿಖಿತವಾಗಿ ಸಂದೇಹ ಎತ್ತಿದರು. ಇಷ್ಟು ದೊಡ್ಡವರ ನಡುವೆಯೂ ಇತ್ಯರ್ಥವಾಗದ ಮಾತನ್ನು ನಮ್ಮೂರಿನ ಜಮಖಾನದ ಮೇಲೆ ಕುಳಿತವಳ ತಲೆಗೆ ಹೊರಿಸಲಾಗಿತ್ತು.

ಪೂರ್ವದ ಆರ್ಥೊಡಾಕ್ಸ್ ಸಭೆಗಳ ಪದ್ಧತಿಯನ್ನು ಓದಿದಾಗ ನನಗೆ ನಮ್ಮ ಹಳ್ಳಿ ನೆನಪಾಯಿತು. ಅವರು ಮದುವೆಯ ಬಂಧ ಮನುಷ್ಯರ ಪಾಪದಿಂದ ಸಾಯಬಲ್ಲದು ಎಂದು ಒಪ್ಪಿ, ಕನಿಕರದಿಂದ ಎರಡನೆಯ, ಅಪರೂಪಕ್ಕೆ ಮೂರನೆಯ ಮದುವೆಗೂ ಅನುಮತಿಸುತ್ತಾರೆ. ನಾಲ್ಕನೆಯದು ಇಲ್ಲ, ಬೈಜಾಂಟಿಯಂನ ದೊರೆ ಆರನೆಯ ಲಿಯೋ ನಾಲ್ಕನೆಯ ಮದುವೆಯಾಗಿ ಎಬ್ಬಿಸಿದ ಜಗಳ 920ರಲ್ಲಿ ಹಾಗೆಯೇ ಇತ್ಯರ್ಥವಾಯಿತು. ಎರಡನೆಯ ಮದುವೆಯ ವಿಧಿ ಮೊದಲಿನಷ್ಟು ಸಂಭ್ರಮದ್ದಲ್ಲ. ಅದರಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಗಳಿವೆ. ವೇಶ್ಯೆಯಾದ ರಾಹಾಬಳನ್ನು ಕ್ಷಮಿಸಿದ ದೇವರೇ ಎಂದು ಬೇಡಿಕೊಳ್ಳುತ್ತಾರೆ. ನಮ್ಮ ಸೀಮೆಯ ಅನೇಕ ಜಾತಿಗಳಲ್ಲಿ ಗಂಡ ಸತ್ತವಳಿಗೋ ಬಿಟ್ಟವಳಿಗೋ ಸೀರುಡಿಕೆ ಮಾಡುತ್ತಿದ್ದರು. ಹಂದರವಿಲ್ಲ, ಬಾಸಿಂಗವಿಲ್ಲ, ಓಲಗವಿಲ್ಲ. ಕತ್ತಲಾದ ಮೇಲೆ ನಾಲ್ಕು ಜನ ಕೂಡಿ ಹೊಸ ಸೀರೆ ಉಡಿಸಿ ಕಳಿಸಿಬಿಡುತ್ತಿದ್ದರು. ಬದುಕಿಗೆ ಆಸರೆ ಸಿಗುತ್ತಿತ್ತು, ಆದರೆ ಉಡಿಕೆಯಾದವಳು ಮದುವೆಮನೆಯಲ್ಲಿ ಮುತ್ತೈದೆಯರ ಸಾಲಿಗೆ ಬರುವಂತಿರಲಿಲ್ಲ. ಆರ್ಥೊಡಾಕ್ಸರ ಕನಿಕರ ನನಗೆ ಇಷ್ಟ. ತಪ್ಪಿಲ್ಲದವಳ ಮದುವೆಯಲ್ಲಿ ರಾಹಾಬಳ ಹೆಸರು ಹೇಳುವುದು ಇಷ್ಟವಿಲ್ಲ. ನಮ್ಮ ಸಭೆಯೋ, ಉಡಿಕೆಯಾದವಳನ್ನು ಸಾಲಿನಿಂದ ಹೊರಗಿಡುವ ಭಾಗವನ್ನು ಮಾತ್ರ ಉಳಿಸಿಕೊಂಡು ಆಸರೆ ಕೊಡುವ ಭಾಗವನ್ನು ಬಿಟ್ಟುಬಿಟ್ಟಿತ್ತು.

ಇಂಗ್ಲೆಂಡಿನ ಸಭೆಯ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1936ರಲ್ಲಿ ವಿಚ್ಛೇದಿತೆಯನ್ನು ಮದುವೆಯಾಗಲೆಂದು ದೊರೆ ಸಿಂಹಾಸನ ಬಿಟ್ಟ ದೇಶದಲ್ಲಿ, 2002ರಲ್ಲಿ ಸಭೆಯ ಮಹಾಸಭೆಯೇ ಕೆಲವು ಸಂದರ್ಭಗಳಲ್ಲಿ ಹಿಂದಿನ ಸಂಗಾತಿ ಬದುಕಿದ್ದರೂ ದೇವಾಲಯದಲ್ಲಿ ಮರುಮದುವೆ ನಡೆಸಬಹುದೆಂದಿತು. ನನಗೆ ಹೆಚ್ಚು ಮುಖ್ಯವೆನಿಸಿದ್ದು ನಮ್ಮ 1869ರ ಕಾಯ್ದೆಯ 58ನೆಯ ಕಲಮು. ಸ್ವಂತ ವ್ಯಭಿಚಾರದ ಕಾರಣಕ್ಕೆ ಮದುವೆ ಮುರಿದುಕೊಂಡವರಿಗೆ ಮತ್ತೆ ಮದುವೆ ಮಾಡಿಸುವಂತೆ ಇಂಗ್ಲೆಂಡ್ ಸಭೆಯ ಪಾದ್ರಿಯನ್ನು ಬಲವಂತಪಡಿಸುವಂತಿಲ್ಲ ಎಂದು ಅದು ಹೇಳುತ್ತದೆ. ತಪ್ಪು ಯಾರದೆಂದು ನೋಡುವ ಕಣ್ಣು ಆ ಹಳೆಯ ಕಾಯ್ದೆಗೂ ಇತ್ತು.

ಸಡಿಲವಾದ ದಾರಿಯೇ ಕರುಣೆಯ ದಾರಿ ಎಂದು ನಾನು ಹೇಳುತ್ತಿಲ್ಲ. ಚಿಗವ್ವನನ್ನು ಬಿಟ್ಟುಹೋದ ಆತ ಬೆಂಗಳೂರಿನಲ್ಲಿ ಒಂದು ಹೊಸ ಸ್ವತಂತ್ರ ಸಭೆಗೆ ಸೇರಿ, ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಂಡು, ಆ ಇನ್ನೊಬ್ಬಳನ್ನು ಅಲ್ಲಿಯೇ ಮದುವೆಯಾದ. ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ, ಹಳೆಯದೆಲ್ಲ ಹೋಯಿತು ಎಂಬ ವಾಕ್ಯವನ್ನು ಅವರು ಆತನಿಗೆ ಅನ್ವಯಿಸಿದರಂತೆ. ಊರಿನಲ್ಲಿ ಬಿಟ್ಟುಬಂದ ಹೆಂಗಸಿಗೆ ಏನಾಯಿತೆಂದು ಒಬ್ಬರೂ ಕೇಳಿಕಳಿಸಲಿಲ್ಲ. ಬಿಟ್ಟವನಿಗೆ ಸಂಭ್ರಮದ ಮದುವೆ, ಬಿಡಲ್ಪಟ್ಟವಳಿಗೆ ಗೋಡೆಯ ಬದಿ. ಕ್ಷಮೆಯನ್ನು ಇಷ್ಟು ಅಗ್ಗವಾಗಿ ಹಂಚುವುದಾದರೆ ಮಾರ್ಕನ ಕಟ್ಟುನಿಟ್ಟೇ ಮೇಲು ಎಂದು ನನಗನ್ನಿಸಿದ ದಿನಗಳಿವೆ.

ಕಟ್ಟುನಿಟ್ಟಾಗಿ ಬಾಳಿದವರನ್ನೂ ನಾನು ನೋಡಿದ್ದೇನೆ. ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕರಿರುವ ಮುದಗಲ್ಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಇಪ್ಪತ್ತನಾಲ್ಕರ ವಯಸ್ಸಿಗೆ ಗಂಡ ಬಿಟ್ಟುಹೋದ ಮೇಲೂ ಕೊನೆಯವರೆಗೆ ತಾಳಿ ತೆಗೆಯದೆ, ಆತ ಮುರಿದ ವಚನವನ್ನು ನಾನೊಬ್ಬಳಾದರೂ ಉಳಿಸಿಕೊಳ್ಳುತ್ತೇನೆ ಎನ್ನುತ್ತಿದ್ದರು. ಅವರ ಮುಂದೆ ನಾನು ತಲೆಬಾಗುತ್ತೇನೆ. ಅವರು ಅದನ್ನು ತಾವಾಗಿ ಆರಿಸಿಕೊಂಡಿದ್ದರು. ಅದೇ ನಿಷ್ಠೆಯನ್ನು ಇನ್ನೊಬ್ಬಳ ಮೇಲೆ ನಿಯಮವಾಗಿ ಹೇರಿ, ತಪ್ಪಿದ್ದಕ್ಕೆ ಕರ್ತನ ಮೇಜನ್ನು ತಡೆಹಿಡಿಯುವುದು ಬೇರೆ.

ನನ್ನ ವಾದಕ್ಕೆ ಒಂದು ಮುಳ್ಳಿದೆ, ಅದನ್ನು ಮುಚ್ಚಿಡಬಾರದು. ಮತ್ತಾಯನ 5ನೆಯ ಅಧ್ಯಾಯದ 32ನೆಯ ವಚನ, ಬಿಡಲ್ಪಟ್ಟವಳನ್ನು ಮದುವೆಯಾಗುವವನೂ ವ್ಯಭಿಚಾರ ಮಾಡಿದಂತೆ ಎನ್ನುತ್ತದೆ. ಬಿಡಲ್ಪಟ್ಟವಳು ಎಂಬ ಪದವೇ ಅಲ್ಲಿದೆ. ಅದೇ ವಚನದ ಮೊದಲ ಭಾಗ, ಹೆಂಡತಿಯನ್ನು ಬಿಟ್ಟವನು ಅವಳು ವ್ಯಭಿಚಾರ ಮಾಡಲು ಕಾರಣನಾಗುತ್ತಾನೆ ಎಂದು ಹೊಣೆಯನ್ನು ಬಿಟ್ಟವನ ತಲೆಗೆ ಕಟ್ಟುತ್ತದೆಂದು ನಾನು ಓದಿಕೊಳ್ಳುತ್ತೇನೆ. ತಪ್ಪಿಲ್ಲದವರು ಯಾರೆಂದು ತೀರ್ಮಾನಿಸುವುದು ಎಷ್ಟೋ ಮನೆಗಳಲ್ಲಿ ಸುಲಭವಲ್ಲವೆಂಬುದೂ ನನಗೆ ಗೊತ್ತು. ಆದರೆ ಒಬ್ಬರು ಮನೆಯಲ್ಲಿ ಕಾದು ಕುಳಿತು, ಇನ್ನೊಬ್ಬರು ಹದಿಮೂರು ವರ್ಷ ತಿರುಗಿ ನೋಡದ ಕಡೆ ಅದು ಅಷ್ಟೇನೂ ಕಷ್ಟವಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಸಭೆಗೂ ಗೊತ್ತಿತ್ತು.

2017ರಲ್ಲಿ ಆತ ಬೆಂಗಳೂರಿನಲ್ಲಿ ತೀರಿಕೊಂಡ ಸುದ್ದಿ ಬಂತು. ಅಷ್ಟರಲ್ಲಿ ನಮ್ಮ ಸಭೆಗೆ ಬೇರೆ ಸಭಾಪಾಲಕರು ಬಂದಿದ್ದರು. ಅವರು ಸ್ವತಃ ಮನೆಗೆ ಬಂದು, ಗಂಡ ಸತ್ತರೆ ಹೆಂಡತಿ ಆ ನಿಯಮದಿಂದ ಬಿಡುಗಡೆಯಾದಳು ಎಂದು ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿದೆ, ಇನ್ನು ಯಾವ ಅಡ್ಡಿಯೂ ಇಲ್ಲ, ನಿಮ್ಮಿಬ್ಬರ ಮದುವೆಯನ್ನು ಸಭೆಯಲ್ಲಿ ಆಶೀರ್ವದಿಸುತ್ತೇನೆ, ಬರುವ ಭಾನುವಾರವೇ ಕರ್ತನ ಭೋಜನಕ್ಕೆ ಬನ್ನಿರಿ ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಚಿಗವ್ವನಿಗೆ ಆಗ ಐವತ್ತೊಂದು. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಆತ ಸತ್ತ ಅಂತ ನಾ ಓಡಿ ಬಂದು ಊಟಕ್ಕ ಕುಂದರ್ಲೇನ್ರೀ ಅಯ್ಯನವರೇ? ಒಂದು ತಿಂಗಳು ತಡೀರಿ. ಆತನ ಸಲುವಾಗಿ ಪ್ರಾರ್ಥನಾ ಮಾಡೋದೈತಿ" ಎಂದಳು. ಒಳಗೆ ಕುಳಿತಿದ್ದ ಚಿಗಪ್ಪ ಏನೂ ಹೇಳದೆ ಸಭಾಪಾಲಕರಿಗೆ ಚಹಾ ತಂದುಕೊಟ್ಟರು.

ಮರುತಿಂಗಳ ಮೊದಲನೆಯ ಭಾನುವಾರ ನಾನು ರಾಯಚೂರಿನಿಂದ ಬೆಳಗಿನ ಬಸ್ಸಿಗೇ ಹೋದೆ. ಹೆಂಗಸರ ಸಾಲು ಏಳತೊಡಗಿದಾಗ ಚಿಗವ್ವ ಎಂದಿನಂತೆ ಕಾಲು ಮಡಚಿಕೊಳ್ಳಲು ಹೋದಳು. ಪಕ್ಕದಲ್ಲಿದ್ದ ಹೆಂಗಸು ಆಕೆಯ ಮೊಣಕೈ ಹಿಡಿದು ಎಬ್ಬಿಸಿ, ತಾನು ಗೋಡೆಯ ಕಡೆಗೆ ಸರಿದು ದಾರಿ ಮಾಡಿಕೊಟ್ಟಳು.